ಅಮೆರಿಕದಲ್ಲಿ ಡಿಗ್ರಿ ಓದಲು ದುಡ್ಡು ಯಾರು ಕೊಡುತ್ತಾರೆ? ಅರ್ಜಿ ಹಾಕುವ ಮೊದಲು ಹಾಕಬೇಕಾದ ಲೆಕ್ಕ

2024ರ ಮಾರ್ಚ್ ಕೊನೆಯ ವಾರ ನನ್ನ ಅಕ್ಕನ ಮಗಳಿಗೆ ಅಮೆರಿಕದ ಎರಡು ಕಾಲೇಜುಗಳಿಂದ ಪತ್ರ ಬಂತು. ಮೊದಲನೆಯದರಲ್ಲಿ ದೊಡ್ಡ ಅಕ್ಷರದಲ್ಲಿ ಅಭಿನಂದನೆ, ಒಂದು ಭರ್ಜರಿ ಹೆಸರಿನ ಸ್ಕಾಲರ್‌ಶಿಪ್, ವರ್ಷಕ್ಕೆ 30,000 ಡಾಲರ್. ಭಾವ ಅದನ್ನು ಪ್ರಿಂಟ್ ತೆಗೆಸಿ ನೆಂಟರಿಗೆಲ್ಲ ತೋರಿಸಿದರು. ಎರಡನೆಯದರಲ್ಲಿ ಅಭಿನಂದನೆಯೂ ಸಪ್ಪೆ, ಸ್ಕಾಲರ್‌ಶಿಪ್ ಅನ್ನೋ ಪದವೂ ಇಲ್ಲ. ಕೆಳಗೆ ಒಂದು ಟೇಬಲ್, ಅದರಲ್ಲಿ 'ಗ್ರಾಂಟ್' ಅಂತ ಒಂದು ಸಾಲು, ಅಷ್ಟೇ.

ಈಗ ಲೆಕ್ಕ ನೋಡಿ. ಮೊದಲ ಕಾಲೇಜಿನ ವರ್ಷದ ಒಟ್ಟು ಖರ್ಚು 78,000 ಡಾಲರ್. ಅವರು ಕೊಟ್ಟಿದ್ದು 30,000. ಮನೆಯವರು ಕಟ್ಟಬೇಕಾದದ್ದು 48,000. ನಾಲ್ಕು ವರ್ಷಕ್ಕೆ 1,92,000 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ 1 ಕೋಟಿ 63 ಲಕ್ಷ. ಎರಡನೆಯ ಕಾಲೇಜಿನ ಖರ್ಚು 84,000, ಗ್ರಾಂಟ್ 71,000, ಉಳಿದದ್ದು 13,000. ನಾಲ್ಕು ವರ್ಷಕ್ಕೆ ಸುಮಾರು 44 ಲಕ್ಷ. ಅದೂ ಸಣ್ಣ ಮೊತ್ತವಲ್ಲ, ನಿಜ. ಆದರೆ ತೋಟ ಮಾರದೆ ಆಗುವ ಮೊತ್ತ.

ಅದಕ್ಕೇ ನನ್ನನ್ನು ಯಾರು ಕೇಳಿದರೂ ಹೇಳುವುದು ಒಂದೇ: ಎಷ್ಟು ಕೊಟ್ಟರು ಅನ್ನೋದನ್ನು ಬಿಡಿ, ನಮ್ಮ ಪಾಲಿಗೆ ಎಷ್ಟು ಉಳಿಯಿತು ಅಂತ ನೋಡಿ, ಅದನ್ನು ನಾಲ್ಕರಿಂದ ಗುಣಿಸಿ. ಇನ್ನೂ ಒಂದು ಸೂಕ್ಷ್ಮ ಇದೆ. ಅಮೆರಿಕದ ಕಾಲೇಜು ಫೀಸು ಪ್ರತಿ ವರ್ಷ ಏರುತ್ತದೆ. ಅಂಕ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಏರುವುದಿಲ್ಲ, ಮೊದಲ ವರ್ಷ 30,000 ಅಂದರೆ ಕೊನೆಯ ವರ್ಷವೂ 30,000. ಖರ್ಚು ವರ್ಷಕ್ಕೆ ಶೇ. 4 ಏರಿದರೆ ಆ 78,000 ನಾಲ್ಕನೆಯ ವರ್ಷಕ್ಕೆ ಸುಮಾರು 87,700 ಆಗುತ್ತದೆ, ನಿಮ್ಮ ಪಾಲು 57,000 ದಾಟುತ್ತದೆ. ಮನೆಯ ಆದಾಯ ನೋಡಿ ಕೊಡುವ ಗ್ರಾಂಟ್ ಹಾಗಲ್ಲ. ಪೂರ್ತಿ ಕೊರತೆ ತುಂಬುವ, ಅಂದರೆ ಮನೆಯವರಿಗೆ ಕಟ್ಟಲಾಗದ ಭಾಗವನ್ನೆಲ್ಲ ಕೊಡುವ ಕಾಲೇಜಾದರೆ ಫೀಸು ಏರಿದಂತೆ ಗ್ರಾಂಟೂ ಏರುತ್ತದೆ.

ಮೊದಲು ಒಂದು ಬಾಗಿಲು ಮುಚ್ಚಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು ಫಾಫ್ಸಾ. ಅದು ಅಮೆರಿಕದ ಕೇಂದ್ರ ಸರ್ಕಾರದ ನೆರವಿನ ಅರ್ಜಿ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಮ್ಮ ಮಕ್ಕಳಿಗೆ ಸರ್ಕಾರದ ಆ ದುಡ್ಡು ಸಿಗುವುದಿಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಇಲ್ಲ, ಅಲ್ಲಿನ ಸರ್ಕಾರಿ ಸಾಲವೂ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಅಂದರೆ ಅಗ್ಗ ಅನ್ನೋ ನಮ್ಮ ಊರಿನ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಯುಸಿಎಲ್ಎ ಎಲ್ಲ ಹೆಸರುವಾಸಿ, ಆದರೆ ಅವು ಆ ರಾಜ್ಯದ ಮಕ್ಕಳಿಗಾಗಿ ಇರುವ ಕಾಲೇಜುಗಳು. ಹೊರಗಿನವರಿಗೆ ಫೀಸು ಜಾಸ್ತಿ, ವಿದೇಶದವರಿಗೆ ಮನೆಯ ಆದಾಯ ನೋಡಿ ಕೊಡುವ ನೆರವು ಇಲ್ಲವೇ ಇಲ್ಲ ಅನ್ನಬಹುದು.

ಹಾಗಾದರೆ ದುಡ್ಡು ಎಲ್ಲಿದೆ? ಬಹುಪಾಲು ಖಾಸಗಿ ಕಾಲೇಜುಗಳ ಸ್ವಂತ ಗಂಟಿನಲ್ಲಿ. ಇಲ್ಲಿ ಎರಡು ಪದ ಕಲಿತರೆ ಅರ್ಧ ಕೆಲಸ ಆದ ಹಾಗೆ: ನೀಡ್-ಬ್ಲೈಂಡ್ ಮತ್ತು ನೀಡ್-ಅವೇರ್. ನೀಡ್-ಬ್ಲೈಂಡ್ ಕಾಲೇಜು ಸೀಟು ಕೊಡುವಾಗ ನಿಮಗೆ ದುಡ್ಡು ಬೇಕೋ ಬೇಡವೋ ಅಂತ ನೋಡುವುದಿಲ್ಲ. ನೀಡ್-ಅವೇರ್ ಕಾಲೇಜು ನೋಡುತ್ತದೆ, ಅಂದರೆ ಇಬ್ಬರು ಸಮಸಮ ಇದ್ದರೆ ದುಡ್ಡು ಕಟ್ಟುವವನಿಗೆ ಸೀಟು ಹೋಗಬಹುದು.

ವಿದೇಶಿ ವಿದ್ಯಾರ್ಥಿಗಳಿಗೂ ನೀಡ್-ಬ್ಲೈಂಡ್ ಆಗಿದ್ದು, ಸೀಟು ಕೊಟ್ಟ ಮೇಲೆ ಪೂರ್ತಿ ಕೊರತೆ ತುಂಬಿಕೊಡುವ ಕಾಲೇಜುಗಳು ಹತ್ತರ ಆಸುಪಾಸು ಮಾತ್ರ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮರ್ಸ್ಟ್ ಹಳಬರು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡಿನ್ ಸೇರಿಕೊಂಡವು, 2025ರಲ್ಲಿ ಸೇರಿದ ಬ್ಯಾಚ್‌ನಿಂದ ಬ್ರೌನ್ ಕೂಡ. ಹಾರ್ವರ್ಡ್ ಮತ್ತು ಎಂಐಟಿಯಲ್ಲಿ 2025-26ರಿಂದ ಮನೆಯ ವರ್ಷದ ಆದಾಯ 1 ಲಕ್ಷ ಡಾಲರ್ ಒಳಗಿದ್ದು, ಆಸ್ತಿಯೂ ಸಾಧಾರಣವಾಗಿದ್ದರೆ ತಂದೆ-ತಾಯಿ ಏನೂ ಕಟ್ಟಬೇಕಾಗಿಲ್ಲ. 1 ಲಕ್ಷ ಡಾಲರ್ ಅಂದರೆ 85 ಲಕ್ಷ ರೂಪಾಯಿ ಮೇಲೆ. ನಮ್ಮಲ್ಲಿ ಎಷ್ಟು ಮನೆಗೆ ಅಷ್ಟು ಬರುತ್ತದೆ ಹೇಳಿ. ಆದರೆ ಸೀಟು ಸಿಗುವುದೇ ನೂರರಲ್ಲಿ ನಾಲ್ಕೈದು ಜನಕ್ಕೆ, ವಿದೇಶದವರಿಗೆ ಇನ್ನೂ ಕಡಿಮೆ. ಇವನ್ನು ನಂಬಿ ಕೂತುಕೊಳ್ಳಬೇಡಿ, ಅರ್ಜಿ ಹಾಕದೆಯೂ ಇರಬೇಡಿ.

ನಿಜವಾದ ಬೇಟೆ ಇರುವುದು ಎರಡನೆಯ ಸಾಲಿನಲ್ಲಿ. ನೀಡ್-ಅವೇರ್, ಆದರೆ ಸೀಟು ಕೊಟ್ಟರೆ ಪೂರ್ತಿ ಕೊರತೆ ತುಂಬುವ ಕಾಲೇಜುಗಳು. ಸ್ವಾರ್ಥ್‌ಮೋರ್, ಪೊಮೋನಾ, ವಾಸರ್, ಗ್ರಿನೆಲ್ ಇಂಥವು. ಈ ಹೆಸರುಗಳನ್ನು ಊರಲ್ಲಿ ಹೇಳಿದರೆ 'ಅದ್ಯಾವುದಪ್ಪ' ಅನ್ನುತ್ತಾರೆ. ಇವು ಎರಡು ಸಾವಿರ ವಿದ್ಯಾರ್ಥಿಗಳ ಸುತ್ತಮುತ್ತಲಿನ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು, ಗಣಿತ, ಕಂಪ್ಯೂಟರ್ ಸೈನ್ಸ್ ಎಲ್ಲ ಇವೆ, ಹೆಸರಿಗೆ ಮೋಸ ಹೋಗಬೇಡಿ.

ಕಾರ್ನೆಲ್‌ನಲ್ಲಿ ನಮ್ಮವರಿಗೇ ಅಂತ ಒಂದು ಸ್ಕಾಲರ್‌ಶಿಪ್ ಇದೆ. ರತನ್ ಟಾಟಾ ಅಲ್ಲಿಯೇ ಆರ್ಕಿಟೆಕ್ಚರ್ ಓದಿದವರು. 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ ದೇಣಿಗೆಯಿಂದ ಭಾರತದ ಡಿಗ್ರಿ ವಿದ್ಯಾರ್ಥಿಗಳಿಗೆ ಟಾಟಾ ಸ್ಕಾಲರ್‌ಶಿಪ್ ನಡೆಯುತ್ತಿದೆ. ಇದೂ ಆದಾಯ ನೋಡಿ ಕೊಡುವಂಥದ್ದೇ. ಕೆಂಟಕಿಯ ಬೆರಿಯಾ ಕಾಲೇಜಿನ ಕಥೆ ಬೇರೆ. ಅಲ್ಲಿ ಯಾರಿಗೂ ಟ್ಯೂಷನ್ ಫೀಸೇ ಇಲ್ಲ, ಬದಲಿಗೆ ಎಲ್ಲರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲಿ ಕೆಲಸ ಮಾಡಬೇಕು. ವಿದೇಶದವರನ್ನು ತೆಗೆದುಕೊಳ್ಳುವುದು ಬಹಳ ಕಡಿಮೆ, ತೆಗೆದುಕೊಂಡವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಬಾಸ್ಟನ್ ಯೂನಿವರ್ಸಿಟಿಯ ಟ್ರಸ್ಟಿ ಸ್ಕಾಲರ್‌ಶಿಪ್ ಪೂರ್ತಿ ಟ್ಯೂಷನ್ ಕೊಡುತ್ತದೆ, ಡ್ಯೂಕ್‌ನ ಕಾರ್ಶ್ ವಿದೇಶಿಯರಿಗೇ ಮೀಸಲು. ಇಂಥವುಗಳ ಕೊನೆಯ ದಿನಾಂಕ ಸಾಮಾನ್ಯ ಅರ್ಜಿಗಿಂತ ಮೊದಲೇ ಬರಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಷರತ್ತನ್ನೂ ಕಣ್ಣುಬಿಟ್ಟು ಓದಿ. ವೆಸ್ಲಿಯನ್‌ನಲ್ಲಿ ಏಷ್ಯಾದವರಿಗೆ ಅಂತ ಫ್ರೀಮನ್ ಸ್ಕಾಲರ್‌ಶಿಪ್ ಇದೆ. ನಾವೂ ಏಷ್ಯಾದವರೇ ಅಲ್ವಾ ಅಂತ ನಾನು ಎರಡು ದಿನ ಅದರ ಹಿಂದೆ ಬಿದ್ದಿದ್ದೆ. ಆಮೇಲೆ ದೇಶಗಳ ಪಟ್ಟಿ ನೋಡಿದರೆ ಜಪಾನ್ ಇದೆ, ವಿಯೆಟ್ನಾಂ ಇದೆ, ಭಾರತ ಇಲ್ಲ!

'ನೆರವು ಬೇಕೇ?' ಅನ್ನುವ ಪ್ರಶ್ನೆ

ಅರ್ಜಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: ನೀವು ಹಣಕಾಸಿನ ನೆರವಿಗೆ ಅರ್ಜಿ ಹಾಕುತ್ತೀರಾ? ನಮ್ಮ ಅಣ್ಣನ ಮಗನಿಗೆ ನಾನೇ ಬುದ್ಧಿವಂತಿಕೆ ಮಾಡಲು ಹೋಗಿ 'ಇಲ್ಲ' ಅಂತ ಟಿಕ್ ಮಾಡಿಸಿದ್ದೆ. ನೀಡ್-ಅವೇರ್ ಕಾಲೇಜು, 'ಇಲ್ಲ' ಅಂದರೆ ಸೀಟು ಸುಲಭ, ಒಂದು ವರ್ಷ ಹೇಗೋ ಕಟ್ಟಿ ಆಮೇಲೆ ಕೇಳೋಣ ಅನ್ನೋ ಲೆಕ್ಕ. ಸೀಟೇನೋ ಸಿಕ್ಕಿತು. ಎರಡನೆಯ ವರ್ಷ ಕೇಳಿದಾಗ ಕಚೇರಿಯಿಂದ ಎರಡು ಸಾಲಿನ ಉತ್ತರ: ಪ್ರವೇಶದ ಸಮಯದಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗಳು ನಂತರ ಕೇಳುವಂತಿಲ್ಲ. ಈ ನಿಯಮ ವೆಬ್‌ಸೈಟಿನಲ್ಲೇ ಇತ್ತು. ನಾನು ಓದಿರಲಿಲ್ಲ. ಅಣ್ಣ ಸೈಟು ಅಡವಿಟ್ಟು ಸಾಲ ತೆಗೆದ. ಇವತ್ತಿಗೂ ಮದುವೆ ಮುಂಜಿಯಲ್ಲಿ ಆ ವಿಷಯ ಬಂದರೆ ನಾನು ಊಟದ ಎಲೆ ನೋಡುತ್ತೇನೆ.

ಬಹಳ ಕಾಲೇಜುಗಳಲ್ಲಿ ಇದೇ ನಿಯಮ. ದುಡ್ಡು ಬೇಕಾದರೆ ಮೊದಲ ದಿನವೇ ಕೇಳಿ.

ಇದರ ಜೊತೆಗೆ ಅರ್ಲಿ ಡಿಸಿಷನ್ ಅನ್ನೋ ಗೊಂದಲ. ನವೆಂಬರ್ ಸುಮಾರಿಗೆ ಒಂದೇ ಕಾಲೇಜಿಗೆ 'ಸೀಟು ಕೊಟ್ಟರೆ ಬಂದೇ ಬರುತ್ತೇನೆ' ಅಂತ ಮಾತು ಕೊಟ್ಟು ಹಾಕುವ ಅರ್ಜಿ ಇದು. ಸೀಟು ಸಿಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ನೆರವು ಸಾಲದೆ ಹೋದರೆ ಬಿಡಿಸಿಕೊಳ್ಳಬಹುದು, ಆದರೆ ನಾಲ್ಕು ಕಾಲೇಜಿನ ಪತ್ರ ಪಕ್ಕಪಕ್ಕ ಇಟ್ಟು ಹೋಲಿಸುವ ಅವಕಾಶ ಹೋಗುತ್ತದೆ. ಪೂರ್ತಿ ಕೊರತೆ ತುಂಬುವ ಕಾಲೇಜಾದರೆ ಮಾತ್ರ ಇದಕ್ಕೆ ಕೈ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಸಿಎಸ್ಎಸ್ ಪ್ರೊಫೈಲ್, ಪಹಣಿ ಮತ್ತು ಅಡಿಕೆ

ಆದಾಯ, ಆಸ್ತಿ ಎಲ್ಲ ಹೇಳಿಕೊಳ್ಳುವ ಮುಖ್ಯ ಅರ್ಜಿ ಸಿಎಸ್ಎಸ್ ಪ್ರೊಫೈಲ್. ಎಸ್ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರದ್ದೇ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಹತ್ತು ಕಾಲೇಜಿಗೆ 169 ಡಾಲರ್, ಅಂದರೆ 14,000 ರೂಪಾಯಿ ದಾಟಿತು. ಅಮೆರಿಕದವರಿಗೆ ಸಿಗುವ ಹಾಗೆ ತಾನಾಗಿಯೇ ವಿನಾಯಿತಿ ನಮಗೆ ಸಿಗುವುದಿಲ್ಲ. ಆದರೆ ಕಾಲೇಜಿನ ಫೈನಾನ್ಷಿಯಲ್ ಏಡ್ ಕಚೇರಿಗೆ ಒಂದು ಮರ್ಯಾದೆಯ ಇ-ಮೇಲ್ ಹಾಕಿ, ಈ ಫೀಸು ನಮಗೆ ಭಾರ, ಫೀಸು ಮನ್ನಾದ ಕೋಡ್ ಕೊಡಲು ಆಗುತ್ತದಾ ಅಂತ ಕೇಳಿ. ಕೆಲವರು ಕೊಡುತ್ತಾರೆ, ಕೆಲವರು ಐಎಸ್ಎಫ್ಎಎ ಅನ್ನೋ ಉಚಿತ ಫಾರ್ಮ್ ಸಾಕು ಅನ್ನುತ್ತಾರೆ. ಕೇಳಲು ನಾಚಿಕೆ ಬೇಡ.

ನಾವು ಅಕ್ಕನ ಮಗಳದ್ದನ್ನು ತುಂಬಿದ್ದು 2023ರ ದಸರಾ ರಜೆಯಲ್ಲಿ, ತೀರ್ಥಹಳ್ಳಿ ಹತ್ತಿರದ ಮನೆಯ ಜಗಲಿಯಲ್ಲಿ. ನೆಟ್‌ವರ್ಕ್ ಅಲ್ಲಿ ಮಾತ್ರ ಬರುತ್ತದೆ. ಅಕ್ಕ ಸರ್ಕಾರಿ ಶಾಲೆಯ ಟೀಚರ್, ಅವಳದ್ದು ಫಾರ್ಮ್ 16 ಇತ್ತು, ಐದು ನಿಮಿಷದಲ್ಲಿ ಮುಗಿಯಿತು. ತಲೆನೋವು ಶುರುವಾಗಿದ್ದು ಭಾವನ ಅಡಿಕೆ ತೋಟದಿಂದ.

ಮೊದಲನೆಯ ಪ್ರಶ್ನೆ, ತೋಟ ಯಾರದ್ದು? ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ. ಭಾವ ಅಷ್ಟೂ ಜಾಗದ ಬೆಲೆ ಬರೆಯಲು ಹೊರಟಿದ್ದರು, ಅದೊಂದು ಹೆಮ್ಮೆ ನೋಡಿ. ಬರೆಯಬೇಕಾದದ್ದು ಅವರ ಪಾಲು ಮಾತ್ರ. ಮನೆಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಅದು ನಿಮ್ಮ ಆಸ್ತಿ ಅಂತ ಬರೆಯಬೇಡಿ, ಹಾಗಂತ ಮುಚ್ಚಿಡಲೂ ಬೇಡಿ. ಅಜ್ಜನ ಮನೆಯಲ್ಲಿ ವಾಸ, ಪಾಲಾಗಿಲ್ಲ ಅಂತ ವಿವರಿಸಿ.

ಎರಡನೆಯದು ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಭಾವ ಯಾವತ್ತೂ ರಿಟರ್ನ್ಸ್ ಹಾಕಿದವರಲ್ಲ. ಅಮೆರಿಕದವರಿಗೆ ಇದು ಅರ್ಥವೇ ಆಗುವುದಿಲ್ಲ, ಇಷ್ಟು ಆದಾಯ ಇದ್ದೂ ತೆರಿಗೆ ಕಾಗದ ಇಲ್ಲ ಅಂದರೆ ಅನುಮಾನ ಬರುತ್ತದೆ. ನಾವು ಮಾಡಿದ್ದು ಇಷ್ಟು: ಸೊಸೈಟಿಯಲ್ಲಿ ಅಡಿಕೆ ಹಾಕಿದ ಮೂರು ವರ್ಷದ ಪಟ್ಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಕೂಲಿ ಗೊಬ್ಬರ ಔಷಧಿಯ ಖರ್ಚಿನ ಲೆಕ್ಕ ಸೇರಿಸಿ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಒಂದು ಪುಟದ ಪತ್ರ ಮಾಡಿಸಿದೆವು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಇಟ್ಟೆವು.

ಮೂರನೆಯದು ಏರುಪೇರು. ಒಂದು ವರ್ಷ ಕೈಗೆ 9 ಲಕ್ಷ ಬಂದಿತ್ತು, ಮುಂದಿನ ವರ್ಷ ಕೊಳೆ ರೋಗದ ಜೊತೆಗೆ ಎಲೆಚುಕ್ಕಿ ರೋಗ ಬಂದು 5 ಲಕ್ಷವೂ ದಾಟಲಿಲ್ಲ. ಸಿಎಸ್ಎಸ್ ಕೊನೆಯಲ್ಲಿ ವಿಶೇಷ ಪರಿಸ್ಥಿತಿ ವಿವರಿಸುವ ಖಾಲಿ ಜಾಗ ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ, ಅಥವಾ 'ನಾವು ಬಡವರು, ದಯವಿಟ್ಟು ಸಹಾಯ ಮಾಡಿ' ಅಂತ ಬರೆಯುತ್ತಾರೆ. ಎರಡೂ ದಂಡ. ಅಲ್ಲಿ ಅಂಕಿ ಬರೆಯಿರಿ. ಯಾವ ವರ್ಷ ಎಷ್ಟು ಕ್ವಿಂಟಲ್, ಯಾವ ರೋಗ, ಎಷ್ಟು ನಷ್ಟ, ಮನೆಯಲ್ಲಿ ಅಜ್ಜಿಯ ಔಷಧಿಗೆ ತಿಂಗಳಿಗೆ ಎಷ್ಟು. ಓದುವವನು ಮಲೆನಾಡು ನೋಡಿದವನಲ್ಲ, ಅವನಿಗೆ ಒಂದು ಸಾಲಿನಲ್ಲಿ ಅರ್ಥವಾಗಬೇಕು.

ಇನ್ನು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಅದರಲ್ಲಿ ವರ್ಷಕ್ಕೆ 40,000 ರೂಪಾಯಿ ಅಂತ ಬರೆಸಿಕೊಂಡಿರುತ್ತಾರೆ, ಯಾಕೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಅದನ್ನು ಕಳಿಸಿ, ಜೊತೆಗೆ ಪಿಯು ಕಾಲೇಜಿಗೆ ಲಕ್ಷಾಂತರ ಫೀಸು ಕಟ್ಟಿದ ಸ್ಟೇಟ್‌ಮೆಂಟನ್ನೂ ಕಳಿಸಿದರೆ ಮುಗಿಯಿತು ಕಥೆ. ಒಂದು ಕಾಗದದಲ್ಲಿ ಇರುವ ಅಂಕಿ ಇನ್ನೊಂದರಲ್ಲಿ ಇರುವುದಕ್ಕೆ ತಾಳೆ ಆಗಬೇಕು. ಸುಳ್ಳು ಸಿಕ್ಕಿಬಿದ್ದರೆ ಸೀಟೇ ಹೋಗಬಹುದು.

ಪತ್ರ ಬಂದ ಮೇಲೆ

ಬರುವುದು ಮಾರ್ಚ್ ಕೊನೆಗೆ, ಉತ್ತರ ಕೊಡಬೇಕಾದದ್ದು ಸಾಮಾನ್ಯವಾಗಿ ಮೇ 1ರೊಳಗೆ. ಈ ಒಂದು ತಿಂಗಳು ಸುಮ್ನೆ ಕೂರಬೇಡಿ. ಒಟ್ಟು ಖರ್ಚಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಸೇರಿದೆಯಾ ನೋಡಿ, ಕೆಲವು ಕಾಲೇಜು ಅದನ್ನು ಬೇರೆ ಬಿಲ್ ಮಾಡುತ್ತವೆ, ಅದೇ ಸಾವಿರಾರು ಡಾಲರ್. ವಿಮಾನ ಟಿಕೆಟ್ ಸೇರಿದೆಯಾ? ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಮಗು ಎಲ್ಲಿರುತ್ತದೆ? ಸ್ಕಾಲರ್‌ಶಿಪ್ ಉಳಿಯಲು ಜಿಪಿಎ, ಅಂದರೆ ಸರಾಸರಿ ಗ್ರೇಡ್ ಎಷ್ಟು ಇರಬೇಕು?

ಕೊರತೆ ಇದ್ದರೆ ಅಪೀಲ್ ಮಾಡಬಹುದು. ತರಕಾರಿ ಚೌಕಾಸಿ ಮಾಡಿದ ಹಾಗೆ ಮಾಡಬೇಡಿ, ಹೊಸ ಮಾಹಿತಿ ಕೊಡಿ. ಅರ್ಜಿ ಹಾಕಿದ ಮೇಲೆ ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು, ಅಥವಾ ಅದೇ ಮಟ್ಟದ ಇನ್ನೊಂದು ಕಾಲೇಜು ಇಷ್ಟು ಕೊಟ್ಟಿದೆ ಅನ್ನುವ ಪತ್ರ. ನಾವು ಮಾಡಿದ್ದೆವು, ಮೊದಲನೆಯ ಕಾಲೇಜು ವರ್ಷಕ್ಕೆ 4,000 ಏರಿಸಿತು. ಉಳಿದದ್ದು ಆಗಲೂ 44,000, ಹಾಗಾಗಿ ನಾವು ಹೋಗಲಿಲ್ಲ.

ವೀಸಾಗೆ ಬೇಕಾದ ಕಾಲೇಜಿನ ಪತ್ರ ಐ-20 ಬರಬೇಕಾದರೆ ಕನಿಷ್ಠ ಮೊದಲ ವರ್ಷದ ಖರ್ಚಿಗೆ ದುಡ್ಡು ಇದೆ ಅಂತ ತೋರಿಸಬೇಕು. ಕಾಲೇಜು ಕೊಡುವ ನೆರವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ, ಉಳಿದದ್ದಕ್ಕೆ ಮಾತ್ರ ನಿಮ್ಮ ಬ್ಯಾಂಕ್ ಪತ್ರ. ಹದಿನೈದು ದಿನಕ್ಕೆ ಯಾರದ್ದೋ ದುಡ್ಡು ಖಾತೆಯಲ್ಲಿ ಇಡಿಸಿ ತೋರಿಸುತ್ತೇವೆ ಅನ್ನುವ ಏಜೆಂಟರು ಸಿಗುತ್ತಾರೆ. ದೂರ ಇರಿ. ಅಂದಹಾಗೆ ಕೆಲವು ಕನ್ಸಲ್ಟೆಂಟ್‌ಗಳಿಗೆ ಕಮಿಷನ್ ಬರುವುದು ಕಾಲೇಜುಗಳಿಂದ. ನಿಮಗೆ ಹೆಚ್ಚು ನೆರವು ಕೊಡುವ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರದಿದ್ದರೆ ಆಶ್ಚರ್ಯ ಪಡಬೇಡಿ. ಎಜುಕೇಷನ್‌ಯುಎಸ್ಎ ಅಂತ ಅಮೆರಿಕ ಸರ್ಕಾರದ ಸಲಹಾ ಜಾಲ ಇದೆ, ಮೊದಲು ಅಲ್ಲಿ ಕೇಳಿ.

ಸಾಲದ ಬಗ್ಗೆ ಸ್ವಲ್ಪ. ದೊಡ್ಡ ಮೊತ್ತಕ್ಕೆ ಸರ್ಕಾರಿ ಬ್ಯಾಂಕುಗಳು ಅಡಮಾನ ಕೇಳುತ್ತವೆ, ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕನ್ವರ್ಷನ್ ಆದ ಸೈಟು, ಮನೆ, ಎಫ್‌ಡಿ ಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷದವರೆಗೆ ತೆರಿಗೆ ವಿನಾಯಿತಿ ಇದೆ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡನ್ನು ಹೊರಗೆ ಕಳಿಸುವಾಗ ಟಿಸಿಎಸ್, ಅಂದರೆ ಕಳಿಸುವಾಗಲೇ ಮುರಿದುಕೊಳ್ಳುವ ತೆರಿಗೆ ಹಿಡಿಯುವುದಿಲ್ಲ.

ಮಾಸ್ಟರ್ಸ್‌ಗೆ ಹೋಗುವವರ ದಾರಿ ಬೇರೆ. ಒಳ್ಳೆಯ ಪಿಎಚ್‌ಡಿಗೆ ಬಹುತೇಕ ಫೀಸು ಮನ್ನಾ, ಮೇಲೆ ಸ್ಟೈಪೆಂಡ್. ಎಂಎಸ್‌ಗೆ ಅಷ್ಟು ಉದಾರತೆ ಇಲ್ಲ, ಪಾಠಕ್ಕೆ ನೆರವಾಗುವ ಟಿಎ ಅಥವಾ ಸಂಶೋಧನೆಗೆ ನೆರವಾಗುವ ಆರ್‌ಎ ಕೆಲಸ ಸಿಕ್ಕರೆ ಅದೃಷ್ಟ. ಮೂರು ವರ್ಷ ಕೆಲಸ ಮಾಡಿದವರಿಗೆ ಫುಲ್‌ಬ್ರೈಟ್-ನೆಹರು ಇದೆ, ಓದು ಮುಗಿಸಿ ವಾಪಸ್ ಬರಬೇಕು. 1892ರಿಂದ ನಡೆಯುತ್ತಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲ, ದಾನ ಅಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ನೋಡಿ.

ಅಲ್ಲಿ ಹೋದ ಮೇಲೆ ಬರುವ ಬಿಲ್

ಸೆಮಿಸ್ಟರ್ ನಡೆಯುವಾಗ ಎಫ್-1 ವಿದ್ಯಾರ್ಥಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಲೈಬ್ರರಿ, ಊಟದ ಹಾಲ್, ಜಿಮ್ ಕೌಂಟರ್. ವಾರಕ್ಕೆ 10 ಗಂಟೆ ಮಾಡಿದರೆ ಪುಸ್ತಕ, ಫೋನ್, ಚಳಿಗಾಲದ ಕೋಟಿಗೆ ಆಗುತ್ತದೆ. ಫೀಸು ಕಟ್ಟುವ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ. ಹೊರಗೆ ಹೋಟೆಲಿನಲ್ಲಿ ಗುಟ್ಟಾಗಿ ಕೆಲಸ ಮಾಡುವ ಯೋಚನೆಯಂತೂ ಬೇಡವೇ ಬೇಡ, ವೀಸಾ ಹೋಗುತ್ತದೆ.

ಯಾರೂ ಮೊದಲೇ ಹೇಳದ ವಿಷಯ ತೆರಿಗೆ. ಗ್ರಾಂಟ್‌ನಲ್ಲಿ ಟ್ಯೂಷನ್ ಮತ್ತು ಕಡ್ಡಾಯ ಫೀಸಿಗೆ ಹೋಗುವ ಭಾಗಕ್ಕೆ ತೆರಿಗೆ ಇಲ್ಲ. ರೂಮು, ಊಟಕ್ಕೆ ಹೋಗುವ ಭಾಗಕ್ಕೆ ಇದೆ, ಕಾಲೇಜು ಅದರಲ್ಲಿ ಶೇ. 14 ಹಿಡಿಯುತ್ತದೆ. ಅಕ್ಕನ ಮಗಳಿಗೆ ಸೆಪ್ಟೆಂಬರ್‌ನಲ್ಲಿ ಬಿಲ್ ನೋಡಿ ಗಾಬರಿ. ಆ ಸೆಮಿಸ್ಟರಿನ ಗ್ರಾಂಟ್‌ನಲ್ಲಿ ರೂಮು, ಊಟಕ್ಕೆ ಹೋದದ್ದು 7,500 ಡಾಲರ್, ಅದಕ್ಕೆ 1,050 ತೆರಿಗೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುತ್ತಿದ್ದಳು, ಇದು ಗ್ರಾಂಟ್ ಅಂದಿದ್ದರಲ್ಲ ಅಂತ.

ಈ ದುಡ್ಡು ವಾಪಸ್ ಬರುತ್ತದೆ, ಅದೂ ಭಾರತದವರಿಗೆ ಸುಲಭವಾಗಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿ ಪ್ರಕಾರ ನಮ್ಮ ವಿದ್ಯಾರ್ಥಿಗಳು ಅಲ್ಲಿನವರ ಹಾಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಇಂತಿಷ್ಟಕ್ಕೆ ತೆರಿಗೆ ಇಲ್ಲ ಅನ್ನುವ ಕಡಿತ ತೆಗೆದುಕೊಳ್ಳಬಹುದು, ಬೇರೆ ದೇಶದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಈ ಸೌಲಭ್ಯ ಇಲ್ಲ. 2024ರ ಆದಾಯಕ್ಕೆ ಅದು 14,600 ಡಾಲರ್ ಇತ್ತು. ಅವಳ ತೆರಿಗೆ ಲೆಕ್ಕದ ಆದಾಯ ಆ ವರ್ಷ ಲೈಬ್ರರಿ ಸಂಬಳ ಸೇರಿಸಿದರೂ ಅದಕ್ಕಿಂತ ಕಡಿಮೆ. ಏಪ್ರಿಲ್ 15ರೊಳಗೆ 1040-ಎನ್‌ಆರ್ ಮತ್ತು 8843 ಫಾರ್ಮ್ ಹಾಕಬೇಕು. ಕಾಲೇಜುಗಳು ಸಾಮಾನ್ಯವಾಗಿ ಇದಕ್ಕೆ ಸಾಫ್ಟ್‌ವೇರ್ ಉಚಿತವಾಗಿ ಕೊಡುತ್ತವೆ, ಅದರಲ್ಲಿ ದೇಶ ಭಾರತ ಅಂತ ಸರಿಯಾಗಿ ಆರಿಸಿದ್ದೀರಾ ನೋಡಿಕೊಳ್ಳಿ. ನಮ್ಮ ಹುಡುಗಿಗೆ 1,050 ಡಾಲರೂ ಜೂನ್‌ನಲ್ಲಿ ಖಾತೆಗೆ ಬಂತು. ಅದರಲ್ಲೇ ಬೆಂಗಳೂರಿಗೆ ಟಿಕೆಟ್ ತೆಗೆದಳು.